ಹುಳುವಿಗಿರುವ ಭಾಗ್ಯ

ಹುಳುವನ್ನು ಕಂಡು ಹೊಟ್ಟೆಕಿಚ್ಚುಪಟ್ಟವರು ಲೋಕದಲ್ಲಿ ಎಷ್ಟು ಜನ ಇದ್ದಾರೋ ಕಾಣೆ, ನಾನಂತೂ ಪಟ್ಟಿದ್ದೇನೆ. ರಾಮನಗರದ ಪಕ್ಕದ ನಮ್ಮೂರಿನಲ್ಲಿ ನಮ್ಮತ್ತೆ ರೇಷ್ಮೆಹುಳು ಸಾಕುತ್ತಿದ್ದರು. ಈ ಹುಳು ಆಗಾಗ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ತಲೆಯೆತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ‘ಜ್ವರಕ್ಕೆ ಕೂತವೆ’ ಅನ್ನುತ್ತಾರೆ ನಮ್ಮ ಕಡೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಮನೆಮಂದಿಯೆಲ್ಲ ಪಿಸುಗುಟ್ಟಿಕೊಂಡು ಓಡಾಡಬೇಕು. ಒಗ್ಗರಣೆ ಘಾಟು ಹುಳುವಿಗೆ ಆಗದು ಅಂತ ಅತ್ತೆ ಸಾಸಿವೆ ಡಬ್ಬಿಯನ್ನೇ ಬಚ್ಚಿಡುತ್ತಿದ್ದರು.

ನನ್ನ ಪಾಡು ಕೇಳುವವರಾರು? ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ಕಾಲ. ಒಂದರ ಆಫೀಸಿನಲ್ಲಿ ನನಗೆ ಕೆಲಸ. ಬೆಳಗ್ಗೆ ತಿಂಡಿ, ಊಟದ ಡಬ್ಬಿ, ಮಗಳ ಜಡೆ, ಬಸ್ಸಿನ ನೂಕುನುಗ್ಗಲು. ಆಫೀಸಿನಲ್ಲಿ ಎಲ್ಲವೂ ಅರ್ಜೆಂಟು. ಸಂಜೆ ಬಂದರೆ ಹುಳುವಿಗೆ ಸೊಪ್ಪು ಹೆಚ್ಚಬೇಕು. ಯಜಮಾನರು ಶಿಫ್ಟು ಮುಗಿಸಿ ಬಂದು ಬನಿಯನ್ನು ಎಲ್ಲಿ ಅಂತ ನನ್ನನ್ನೇ ಕೇಳುತ್ತಿದ್ದರು. ಒಮ್ಮೊಮ್ಮೆ ಅದು ಅವರ ಮೈಮೇಲೇ ಇರುತ್ತಿತ್ತು.

ಒಂದು ಭಾನುವಾರ ಮಗಳ ಹಾಲಿಗೆ ಸಕ್ಕರೆ ಅಂತ ಉಪ್ಪು ಹಾಕಿದೆ. ಅವಳು ಮುಖ ಕಿವುಚಿದಳು, ಅಷ್ಟೇ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ನಿಲ್ಲಿಸೋಣವೆಂದರೆ ಅಳು ನನ್ನ ಮಾತು ಕೇಳಲೊಲ್ಲದು. ತಲೆ ಕೆಟ್ಟೇಹೋಯಿತೇನೋ ಅಂತ ನಿಜಕ್ಕೂ ಹೆದರಿದೆ. ಯಜಮಾನರು ಡಾಕ್ಟರೋ ದೇವಸ್ಥಾನವೋ ಅಂತ ತಡಬಡಾಯಿಸುತ್ತಿದ್ದರು. ಹುಳುಮನೆಯಿಂದ ಬಂದ ಅತ್ತೆ ತಟ್ಟೆಯಲ್ಲಿನ ಹುಳುವನ್ನು ನೋಡುವ ಹಾಗೆಯೇ ನನ್ನನ್ನು ಬಗ್ಗಿ ನೋಡಿದರು.

“ಇವ್ಳು ಜ್ವರಕ್ಕೆ ಕೂತವ್ಳೆ ಕಣ್ಲಾ. ಯಾರೂ ಮುಟ್ಬೇಡಿ,” ಎಂದು ಮಗನಿಗೆ ಹೇಳಿ, ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸಿದರು.

ನಾನು ಸುಮ್ಮನೆ ಮಲಗಿದೆನೇ? ಕುಕ್ಕರ್ ಕೂಗಿತಾ ಅಂತ ಕೇಳಿದೆ. ಯೂನಿಫಾರಂ ನೆನೆಸಿದಿರಾ ಅಂತ ಕೇಳಿದೆ. ಕೊನೆಗೆ ಅತ್ತೆಯೇ ಬಂದು ಪಕ್ಕದಲ್ಲಿ ಕೂತರು.

“ಹುಳ ಆದ್ರೆ ಹೇಳ್ದೇನೇ ಸುಮ್ಕೆ ಕೂರ್ತದೆ ಕಣವ್ವ. ನಿನ್ನ ಕೂರ್ಸೋದೇ ಕಷ್ಟ,” ಎಂದರು. ಆಮೇಲೆ ನನ್ನ ತಲೆ ಸವರುತ್ತ, “ನಿನ್ ವಯಸ್ನಲ್ಲಿ ನಾನೂ ಹಿಂಗೇ ಅತ್ತಿದ್ದೆ. ನಂಗ್ಯಾರೂ ಮನೀಕೋ ಅನ್ಲಿಲ್ಲ,” ಎಂದರು.

ಅವರ ಒರಟು ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆಯಿತ್ತು. ಆ ಕೈಯ ಕೆಳಗೇ ನಿದ್ದೆ ಬಂತು.

ಎದ್ದಾಗ ಹೊತ್ತು ಇಳಿದಿತ್ತು. ಯಜಮಾನರು ಬನಿಯನ್ನು ತಾವೇ ಹುಡುಕಿಕೊಂಡಿದ್ದರು. ಜ್ವರದಿಂದ ಎದ್ದ ಹುಳುವಿಗೆ ಹಸಿವು ಜಾಸ್ತಿ. ಸೊಪ್ಪಿನ ಸಾರಲ್ಲಿ ಎರಡು ಮುದ್ದೆ ನುಂಗಿದೆ. ಸಾರಿಗೆ ಒಗ್ಗರಣೆ ಬಿದ್ದಿರಲಿಲ್ಲ. ಘಾಟಿಗೆ ನನಗೆಲ್ಲಿ ಎಚ್ಚರವಾದೀತೋ ಅಂತ ಅತ್ತೆ ಅವತ್ತೂ ಸಾಸಿವೆ ಡಬ್ಬಿ ಬಚ್ಚಿಟ್ಟಿದ್ದರಂತೆ. ನನಗೆ ಕಣ್ಣು ತುಂಬಿ ಬಂತು. ಬಾಯಿ ಮಾತ್ರ, ಹಾಳಾದ್ದು, “ಸಾರು ಸಪ್ಪೆ ಅತ್ತೆ” ಅಂದೇಬಿಟ್ಟಿತು.