ಬದುಕಿರುವವರಿಗೆ ಗಾಜಿಲ್ಲ

ನನ್ನ ಚಿಕ್ಕಪ್ಪನ ಮಗಳಷ್ಟು ಮೊಂಡಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇನ್ನೊಬ್ಬಳಿಲ್ಲ! ಪತ್ರಿಕೆಯಲ್ಲಿ ದುಡಿಯುವ ನಾನು ಖಚಿತಪಡಿಸಿಕೊಳ್ಳದೆ ಏನನ್ನೂ ಬರೆಯುವವನಲ್ಲ. ಅವಳ ಅಪ್ಪ, ಅವಳ ಮೇಷ್ಟ್ರು ಮತ್ತು ಬೆಟ್ಟದಪುರದ ಬಸ್ಸಿನ ಕಂಡಕ್ಟರು ಇದನ್ನು ಪ್ರತ್ಯೇಕವಾಗಿ ದೃಢಪಡಿಸಿದ್ದಾರೆ.

ಮೈಸೂರಿನಲ್ಲಿ ಫೋಟೊಗ್ರಫಿ ಪದವಿ ಓದುತ್ತಿದ್ದಳು. ಕೊನೆಯ ವರ್ಷದ ಪ್ರದರ್ಶನಕ್ಕೆಂದು ಗೆಳತಿಯರೆಲ್ಲ ಹಂಪಿ, ಗೋವಾ ಎಂದು ಹೊರಟರೆ ಇವಳು ಕ್ಯಾಮೆರಾ ಹಿಡಿದು ಊರಿಗೇ ಬಂದಳು. ಯಾರ ಫೋಟೊಗೆ? ಬಿಸಿಗೂಡಿನಲ್ಲಿ ನೇತುಹಾಕಿ ಬೇಯಿಸಲೆಂದು ಹೊಗೆಸೊಪ್ಪನ್ನು ದಾರದಿಂದ ಕಡ್ಡಿಗೆ ಕಟ್ಟುವ ಹೆಂಗಸರ ಫೋಟೊಗೆ!

ಅವರು ಸುಮ್ಮನಿದ್ದಾರೆಯೇ? ಮರುದಿನ ಎಲ್ಲರೂ ರೇಷ್ಮೆ ಸೀರೆ ಉಟ್ಟು, ಪೌಡರು ಬಳಿದುಕೊಂಡು ಸೊಪ್ಪಿನ ರಾಶಿಯ ಮುಂದೆ ಹಾಜರು.

“ದಿನಾ ಉಡೋ ಸೀರೇಲಿ ಬನ್ನಿ ಅಂದಿದ್ನಲ್ಲತ್ತೆ!”

“ಸುಮ್ಕಿರು ಕಣವ್ವ. ಮೈಸೂರೋರು ನೋಡೋವಾಗ ಅಂಟು ಮೆತ್ಕೊಂಡಿರೋ ಸೀರೇಲಿ ಕುಂತ್ಕಳಾದಾ?”

ಸೀರೆಯ ವಿಷಯದಲ್ಲಿ ಅವಳು ಸೋತಳು. ಸೋತದ್ದಕ್ಕೆ ದಾಖಲೆ ಅದೊಂದೇ.

ಕೊನೆಗೆ ಸೊಪ್ಪಿನ ಅಂಟಿನಿಂದ ಕಪ್ಪಾದ ಕೈಯೆತ್ತಿ ಅವಳ ಅವ್ವ, ಅಂದರೆ ನನ್ನ ಚಿಕ್ಕಮ್ಮ, ಷರತ್ತು ಹಾಕಿದಳು: “ಎಷ್ಟಾದ್ರೂ ತಗಿ ಮಗ. ಗಾಜಾಕ್ಸಿ ಗೋಡೆಗೆ ಮಾತ್ರ ನೇತಾಕ್ಬ್ಯಾಡ. ಬದುಕಿರೋರು ಕಣವ್ವ ನಾವು!”

ನಮ್ಮ ಕಡೆಯ ಮನೆಗಳಲ್ಲಿ ಗಾಜಿನ ಚೌಕಟ್ಟು, ಗಂಧದ ಹಾರ, ಪುಟ್ಟ ಕೆಂಪು ಬಲ್ಬು, ಮೂರೂ ಸತ್ತವರಿಗೇ ಮೀಸಲು. ಹೆಂಗಸರೆಲ್ಲ ಹೂಂಗುಟ್ಟಿದರು. ಇವಳು ಮಾತು ಕೊಟ್ಟಳು.

ಕಾಲೇಜಿನ ನಿಯಮ ಬೇರೆ ಇತ್ತು: ಕಪ್ಪು ಚೌಕಟ್ಟು, ಮೇಲೆ ಗಾಜು. ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದರು: “ಫ್ರೇಮ್ ಇಲ್ಲ ಅಂದ್ರೆ ಗೋಡೆ ಇಲ್ಲಮ್ಮ. ಗೋಡೆ ಇಲ್ಲ ಅಂದ್ರೆ ಡಿಗ್ರಿನೂ ಇಲ್ಲ.”

“ಆಗ್ಲಿ ಸಾರ್. ಗೋಡೆ ನೀವೇ ಇಟ್ಕೊಳಿ!”

ಎರಡೂ ಕಡೆಯ ಹೇಳಿಕೆ ಪಡೆಯುವುದು ನನ್ನ ವೃತ್ತಿಧರ್ಮ. “ಡಿಗ್ರಿ ಹೋಗುತ್ತೆ ಕಣೇ,” ಎಂದೆ.

“ಓಗ್ಲಿ ಬುಡಣ್ಣ. ಕೊಟ್ಟ ಮಾತು ಓಯ್ತು ಅಂದ್ರೆ ಯಾವ್ ಕಾಲೇಜಲ್ಲಿ ವಾಪಸ್ ಕೊಡ್ತಾರೆ?”

ಪ್ರದರ್ಶನದ ಬೆಳಿಗ್ಗೆ ಹೊಗೆಸೊಪ್ಪಿನ ಕಡ್ಡಿಗಳ ಕಟ್ಟು ಹೊತ್ತು ಬಸ್ಸು ಹತ್ತಿದಳು. ಕಂಡಕ್ಟರು ಕೇಳಿದ: “ಏನವ್ವಾ, ಮೈಸೂರಲ್ಲಿ ಸೊಪ್ಪು ಬೇಯ್ಸಕೋಯ್ತಿದ್ದೀಯಾ?”

“ಊಂ ಕಣಣ್ಣ, ಕಾಲೇಜಲ್ಲಿ!”

ಸುಳ್ಳೇನಲ್ಲ. ಸಭಾಂಗಣದ ಹೊರಗಿನ ಮೊಗಸಾಲೆಯಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು, ಕಡ್ಡಿಗಳನ್ನು ಅಡ್ಡ ಹಾಕಿ, ಸೊಪ್ಪು ಕಟ್ಟಿದಂತೆಯೇ ಫೋಟೊಗಳನ್ನು ದಾರದಲ್ಲಿ ಇಳಿಬಿಟ್ಟಳು. ಒಳಗೆ ಬಂದವರು ಹಂಪಿಯ ಫೋಟೊಗಳ ಗಾಜಿನಲ್ಲಿ ತಲೆಗೂದಲು ಸರಿಪಡಿಸಿಕೊಳ್ಳುತ್ತಿದ್ದರು. ಹೊರಗೆ ರೇಷ್ಮೆ ಸೀರೆಯ, ಕಪ್ಪು ಕೈಗಳ ಹೆಂಗಸರ ಮುಂದೆ ಜನ ನಿಂತೇ ಇದ್ದರು. ಮೇಷ್ಟ್ರೂ ನಿಂತರು. ಕೊನೆಯ ಕಡ್ಡಿಯವರೆಗೂ ನೋಡಿ, “ಪಾಸು ಮಾಡಿದ್ದೀನಮ್ಮ. ಫ್ರೇಮಿನ ಅಂಕ ಮಾತ್ರ ಕಡಿತ,” ಎಂದರು.

“ಕಡ್ಕೊಳಿ ಸಾರ್!”

ಎಲ್ಲರೂ ಹೋದ ಮೇಲೆ ಮೊದಲ ಕಡ್ಡಿಯ ಹತ್ತಿರ ಹೋದೆ. ಅಲ್ಲಿ ಚಿಕ್ಕಮ್ಮ ನಗುತ್ತಿದ್ದಳು. ಈ ಫೋಟೊ ತೆಗೆದ ಮರುತಿಂಗಳೇ ಅವಳು ತೀರಿಕೊಂಡಿದ್ದಳು. ಊರಿನ ಮನೆಯಲ್ಲಿ ಚಿಕ್ಕಪ್ಪ ಅವಳ ಫೋಟೊಗೆಂದು ಗೋಡೆಗೆ ಹೊಡೆದ ಮೊಳೆ ಇವತ್ತಿಗೂ ಖಾಲಿ. ಆ ವಿಷಯಕ್ಕೆ ಅಪ್ಪ ಮಗಳು ಮಾತು ಬಿಟ್ಟದ್ದೂ ಉಂಟು.

“ಅವ್ವನಿಗಾದರೂ ಗಾಜು ಹಾಕಿಸಬಹುದಿತ್ತು ಕಣೇ. ಈಗ ತಪ್ಪೇನಿಲ್ಲ,” ಎಂದೆ ಮೆಲ್ಲಗೆ.

ಅವಳು ಸಡಿಲವಾಗಿದ್ದ ದಾರವನ್ನು ಬಿಗಿ ಮಾಡುತ್ತ ನನ್ನ ಕಡೆ ತಿರುಗದೆ ಹೇಳಿದಳು: “ಮೊದ್ಲು ಮಾತು ತಕ್ಕಂಡೋಳೇ ಅವ್ಳು ಕಣಣ್ಣ.”

ಗಾಳಿ ಬೀಸಿತು. ಚಿಕ್ಕಮ್ಮ ಒಮ್ಮೆ ಓಲಾಡಿ, ಸೊಪ್ಪು ಕಟ್ಟುವಾಗ ತಮಾಷೆಗೆ ತಿವಿಯುತ್ತಿದ್ದ ಹಾಗೆಯೇ, ಪಕ್ಕದವಳ ಭುಜಕ್ಕೆ ತಾಗಿದಳು.