ನಮ್ಮ ಶಾಸಕರು ಎದ್ದು ನಿಂತ ದಿನ

ಶಾಸಕರ ಆಪ್ತ ಸಹಾಯಕನಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವೇ ಬಂದು ಗೇಟಿನ ಹತ್ತಿರ ನಿಂತಿರುತ್ತವೆ. ಕಷ್ಟವಿರುವುದು ನಗದೆ ಇರುವುದರಲ್ಲಿ.

ನಮ್ಮ ಸಾಹೇಬರು ಪಕ್ಷೇತರರು. ಯಾವ ಕ್ಷೇತ್ರದವರು ಅಂತ ಮಾತ್ರ ಕೇಳಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕರಲ್ಲಿ ಒಂದು ಅಂದುಕೊಳ್ಳಿ. ಮುಂದಿನ ಸಲ ಎಲ್ಲಿ ನಿಲ್ಲುವುದು ಅಂತ ಅವರಿಗೇ ಗೊತ್ತಿಲ್ಲದ ಕಾರಣ ನಾಲ್ಕನ್ನೂ ಸ್ವಂತದ್ದು ಅನ್ನುವ ಹಾಗೆ ಸುತ್ತುತ್ತಿದ್ದರು.

ಆ ವರ್ಷ ಸರ್ಕಾರಿ ನೌಕರರು ಪಿಂಚಣಿಗಾಗಿ ಮುಷ್ಕರ ಹೂಡಿದರು. ತಾಲ್ಲೂಕು ಕಚೇರಿಗೆ ಬೀಗ, ನಾಡಕಚೇರಿಗೆ ಬೀಗ, ಶಾಲೆಗೂ ಬೀಗ. ಪಹಣಿಯೂ ಇಲ್ಲ, ಜಾತಿ ಸರ್ಟಿಫಿಕೇಟೂ ಇಲ್ಲ. ಸರ್ಕಾರವೇ ಬಾಗಿಲು ಹಾಕಿಕೊಂಡು ಮಲಗಿದ ಹಾಗಿತ್ತು. ಇದನ್ನು ಮುರಿಯಲು ಒಂದು ಮಸೂದೆ ಬಂತು. ಮುಷ್ಕರ ಮಾಡಿದವರನ್ನು ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯಬಹುದು ಅಂತ. ವಿಧಾನಸಭೆಯಲ್ಲಿ ಎರಡೂ ಕಡೆಯ ಬಲ ಹೆಚ್ಚುಕಡಿಮೆ ಸಮ ಇದ್ದುದರಿಂದ ನಮ್ಮ ಸಾಹೇಬರ ಒಂದು ಓಟಿಗೆ ಇದ್ದಕ್ಕಿದ್ದ ಹಾಗೆ ಮದುವೆ ಗಂಡಿನ ಬೆಲೆ ಬಂತು.

ನನ್ನ ಹೆಂಡತಿ ಸರ್ಕಾರಿ ಶಾಲೆಯ ಟೀಚರ್. ಅವಳೂ ಮುಷ್ಕರದಲ್ಲಿದ್ದಳು. ಮಸೂದೆ ಪಾಸಾದರೆ ಮೊದಲು ಕುತ್ತು ಬರುವುದು ನಮ್ಮ ಮನೆಗೇ.

ಪ್ರಾಣ ಬ್ಯಾಡ

ಮಧುಗಿರಿಯಲ್ಲಿ ತಾಲ್ಲೂಕು ಕಚೇರಿಯ ಮುಂದೆ ಮುಷ್ಕರದವರು ಶಾಮಿಯಾನ ಹಾಕಿದ್ದರು. ಸಾಹೇಬರು ಬೆಳಿಗ್ಗೆಯೇ ಅಲ್ಲಿಗೆ ಹೋದರು. ಎಳನೀರು ಕುಡಿದರು, ಮೈಕು ಹಿಡಿದರು, ಕಣ್ಣು ಒದ್ದೆ ಮಾಡಿಕೊಂಡರು.

"ನಿಮ್ಮ ಹೋರಾಟಕ್ಕೆ ನಾನಿದೀನಿ! ಬೇಕಾದ್ರೆ ನನ್ನ ಪ್ರಾಣ ಕೊಡ್ತೀನಿ!"

ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಳು, ತಟ್ಟಲಿಲ್ಲ. ಅವಳ ಪಕ್ಕದಲ್ಲಿದ್ದ, ಕಚೇರಿಯಲ್ಲಿ ಅಟೆಂಡರ್ ಆಗಿದ್ದ ಒಬ್ಬ ಹೆಂಗಸು ಎದ್ದು ಕೈಮುಗಿದಳು.

"ಪ್ರಾಣ ನೀವೇ ಇಟ್ಕಳಿ ಸ್ವಾಮಿ, ನಮಗೇನು ಮಾಡಕ್ಕೆ ಅದು? ಆ ಮಸೂದೆ ಬಂದಾಗ 'ಇಲ್ಲ' ಅಂತ ಒಂದು ಓಟು ಹಾಕ್ಬುಡಿ, ಸಾಕು."

ಸಾಹೇಬರು ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಲೇ, ಪ್ರಾಣ ಕೇಳಿದ್ರೇ ಸಲೀಸಾಗಿತ್ತು ಕಣ್ಲಾ."

ಬೆಳಿಗ್ಗೆ ಬೇರೆ, ಮಧ್ಯಾಹ್ನ ಬೇರೆ

ಅದೇ ದಿನ ಮಧ್ಯಾಹ್ನ ಶಿರಾದಲ್ಲಿ ವ್ಯಾಪಾರಸ್ಥರ ಸಭೆ. ರಿಜಿಸ್ಟ್ರಾರ್ ಕಚೇರಿ ಮುಚ್ಚಿ ಸೈಟು, ಅಂಗಡಿ ಯಾವುದೂ ನೋಂದಣಿ ಆಗದೆ ಅವರೆಲ್ಲ ಕುದಿಯುತ್ತಿದ್ದರು. ಸಾಹೇಬರು ಕಾರಿನಿಂದ ಇಳಿಯುತ್ತಲೇ ಮುಖ ಬದಲಾಯಿಸಿಕೊಂಡರು. ಬೆಳಗಿನ ಒದ್ದೆ ಕಣ್ಣು ಹೋಗಿ ಕೆಂಪು ಕಣ್ಣು ಬಂದಿತ್ತು.

"ಜನರಿಗೆ ತೊಂದರೆ ಕೊಡೋ ನೌಕರರನ್ನ ಒಬ್ಬೊಬ್ಬರನ್ನೂ ಮನೆಗೆ ಕಳಿಸಬೇಕು! ಆ ಮಸೂದೆಗೆ ನನ್ನದು ಸಂಪೂರ್ಣ ಬೆಂಬಲ!"

ಬಟ್ಟೆ ಅಂಗಡಿಯ ವಯಸ್ಸಾದ ಸಾಹುಕಾರರೊಬ್ಬರು, ಬಿಳಿ ಗಡ್ಡದವರು, ತಮ್ಮ ಮೊಬೈಲು ಎತ್ತಿ ಹಿಡಿದರು. ಅದರಲ್ಲಿ ಮಧುಗಿರಿಯ ಭಾಷಣ ಓಡುತ್ತಿತ್ತು. "ಬೇಕಾದ್ರೆ ನನ್ನ ಪ್ರಾಣ ಕೊಡ್ತೀನಿ" ಅನ್ನುವುದು ಇಡೀ ಸಭೆಗೆ ಕೇಳಿಸಿತು.

"ಸಾಹೇಬ್ರೇ, ಮಾಫ್ ಮಾಡಿ. ಇವರು ನೀವೇ ತಾನೆ?"

ಸಾಹೇಬರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. "ಅದು... ಅದು ಬೆಳಿಗ್ಗೆ ಹೇಳಿದ್ದು."

"ಅಚ್ಛಾ ಅಚ್ಛಾ," ಅಂತ ಸಾಹುಕಾರರು ಬಲು ಮರ್ಯಾದೆಯಿಂದ ತಲೆ ಆಡಿಸಿದರು. "ಹಾಗಾದ್ರೆ ನಾವು ಕಾಯ್ತೀವಿ ಬಿಡಿ. ಸಾಯಂಕಾಲದ್ದು ಕೇಳ್ಕೊಂಡೇ ಮನೆಗೆ ಹೋಗ್ತೀವಿ."

ಕೆಮ್ಮು

ಸಾಹೇಬರು ಓಟು ಹಾಕುವ ರೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ವಿಧಾನಸಭೆಯಲ್ಲಿ ಸಾಮಾನ್ಯವಾಗಿ ಬಾಯಲ್ಲೇ ಓಟು. ಸಭಾಧ್ಯಕ್ಷರು ಕೇಳಿದಾಗ ಒಪ್ಪುವವರು 'ಹೌದು' ಅಂತ ಕೂಗುತ್ತಾರೆ, ಒಪ್ಪದವರು 'ಇಲ್ಲ' ಅಂತ ಕೂಗುತ್ತಾರೆ. ನಮ್ಮ ಸಾಹೇಬರಿಗೆ 'ಹೌದು' ಅನ್ನುವ ಹೊತ್ತಿಗೆ ಕೆಮ್ಮು ಬರುತ್ತಿತ್ತು, 'ಇಲ್ಲ' ಅನ್ನುವ ಹೊತ್ತಿಗೆ ಸೀನು ಬರುತ್ತಿತ್ತು. ವಿಷಯ ದೊಡ್ಡದಾಗಿ ತಲೆ ಎಣಿಸುವ ಸಂದರ್ಭ ಬಂದರೆ ಕ್ಯಾಂಟೀನಿನ ಮಸಾಲೆ ದೋಸೆ ನೆನಪಾಗುತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಇಂಥ ಕಡೆ ಅಂತ ಸದನದಲ್ಲಿ ಒಮ್ಮೆಯೂ ದಾಖಲಾಗಿರಲಿಲ್ಲ.

ಅತ್ತ ಮನೆಯಲ್ಲಿ ದಿನಾ ನನ್ನ ವಿಚಾರಣೆ. "ನಿಮ್ಮ ಸಾಹೇಬ್ರು ಯಾವ ಕಡೆ? ನೀವು ಯಾವ ಕಡೆ? ಬಾಯಿ ಬಿಡ್ರಿ!" ಅಂತ ಹೆಂಡತಿ ಕೇಳುವಳು. ಅವಳ ಸಿಟ್ಟಿನ ಹಿಂದೆ ಭಯವಿತ್ತು ಅಂತ ನನಗೆ ಗೊತ್ತಿತ್ತು. ಕಷ್ಟಪಟ್ಟು ಓದಿ ಸಂಪಾದಿಸಿದ ಕೆಲಸ ಅದು.

ಒಂದು ದಿನ ಕಾರಿನಲ್ಲಿ ಸಾಹೇಬರೇ ಕೇಳಿದರು: "ನಿನ್ನ ಹೆಂಡ್ತಿ ಮುಷ್ಕರದಲ್ಲವಳೆ, ನೀನು ನನ್ನತ್ರ ಇದೀಯ. ಮನೇಲಿ ಹೆಂಗ್ಲಾ ಮ್ಯಾನೇಜ್ ಮಾಡ್ತೀಯ?"

"ನಿಮ್ಮಿಂದಲೇ ಕಲಿತಿದ್ದು ಸಾರ್," ಅಂದೆ. "ಅವಳು ಬಾಯಿ ತೆಗೆದ ತಕ್ಷಣ ಕೆಮ್ತೀನಿ."

ಸೋಲಾರ್ ಪ್ಲೇಟು

ಪಾವಗಡದ ಗಡಿ ಕಡೆ ಒಂದು ಊರಿಗೆ ಹೋಗಿದ್ದೆವು. ಆ ಕಡೆಯವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಸಾಹೇಬರಿಗೆ ಅಲ್ಲಿ ತೆಲುಗಿನಲ್ಲೇ ಭಾಷಣ ಮಾಡುವ ಹುಮ್ಮಸ್ಸು. ಮಾಡಿದರು, ಚೆನ್ನಾಗಿಯೇ ಮಾಡಿದರು. ನೌಕರರೂ ನಮ್ಮವರು, ಸರ್ಕಾರವೂ ನಮ್ಮದು ಅನ್ನುವುದು ಅದರ ಸಾರಾಂಶ.

ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೇಳಿತು: "ಏಮಯ್ಯಾ, ನುವ್ವು ಆ ಪಕ್ಕನಾ, ಈ ಪಕ್ಕನಾ?" ನೀನು ಆ ಕಡೆಯೋ ಈ ಕಡೆಯೋ ಅಂತ.

"ನೇನು ಮಧ್ಯಲೋ ಉನ್ನಾನಮ್ಮಾ," ಅಂದರು ಸಾಹೇಬರು, ನಾನು ನಡುವೆ ಇದ್ದೀನಮ್ಮ ಅಂತ.

ಅಜ್ಜಿ ದೂರದ ಹೊಲಗಳಲ್ಲಿ ಹೊಳೆಯುತ್ತಿದ್ದ ಸೋಲಾರ್ ಪ್ಲೇಟುಗಳ ಕಡೆ ಕೈ ತೋರಿಸಿತು. ಎಲ್ಲರಿಗೂ ತಿಳಿಯಲಿ ಅಂತಲೋ ಏನೋ, ಈ ಸಲ ಅಚ್ಚ ಕನ್ನಡದಲ್ಲೇ ಹೇಳಿತು: "ಅಲ್ನೋಡು ಮಗಾ. ಅವು ಒಂದು ಕಡೀಕೆ ಮುಖ ಮಾಡಿ ನಿಂತದ್ದಕ್ಕೇ ಕರೆಂಟು ಬರ್ತೈತೆ. ನಿನ್ನಂಗೆ ನಿಂತಿದ್ರೆ ಊರೆಲ್ಲ ಕತ್ತಲೆ."

ಊರು ಬಿದ್ದು ಬಿದ್ದು ನಕ್ಕಿತು. ವಾಪಸ್ ಬರುವಾಗ ಕಾರಿನಲ್ಲಿ ಸಾಹೇಬರು ಕೇಳಿದರು: "ಆ ಅಜ್ಜಿ ಏನೋ ಅಂತಲ್ಲ, ಏನದು? ನಂಗೆ ತೆಲುಗು ಅಷ್ಟಾಗಿ ತಿಳಿಯಲ್ಲ."

ಮೌನವ್ರತ

ಮಸೂದೆಯ ದಿನ ಹತ್ತಿರವಾದಂತೆ ಎರಡೂ ಕಡೆಯವರು ಸಾಹೇಬರ ಬೆನ್ನು ಬಿದ್ದರು. ಅವರು ಫೋನು ಆಫ್ ಮಾಡಿ, ಮೌನವ್ರತ ಅಂತ ಸಾರಿ, ಕೊರಟಗೆರೆ ಕಡೆಯ ಸಿದ್ದರಬೆಟ್ಟ ಹತ್ತಿಬಿಟ್ಟರು. ಉಸಿರು ಕಟ್ಟಿಕೊಂಡು ಮೇಲೆ ಹೋದರೆ, ದೇವರ ದರ್ಶನಕ್ಕೆ ಬಂದ ಭಕ್ತರ ನಡುವೆ ಇಬ್ಬರು ವರದಿಗಾರರು ಚಪ್ಪಲಿ ಬಿಟ್ಟು ಕಾಯುತ್ತಿದ್ದರು.

"ಸಾರ್, ಮಾತು ಬೇಡ. ಮಸೂದೆಗೆ ನಿಮ್ಮ ಬೆಂಬಲ ಇದೆಯಾ? ಬರೀ ತಲೆ ಆಡಿಸಿ ಸಾಕು."

ಸಾಹೇಬರು ತಲೆ ಆಡಿಸಿದರು. ನಮ್ಮ ಕಡೆ ಊಟಕ್ಕೆ ಇನ್ನೊಂದು ಮುದ್ದೆ ಇಡಲೇ ಅಂದಾಗ ನೆಂಟರು ಆಡಿಸುತ್ತಾರಲ್ಲ, ಹೂಂ ಅಂತಲೋ ಊಹೂಂ ಅಂತಲೋ ಬಡಿಸುವವರೇ ತಿಳಿದುಕೊಳ್ಳಬೇಕು, ಹಾಗೆ.

ಮರುದಿನ ಒಂದು ಪತ್ರಿಕೆಯಲ್ಲಿ 'ಮಸೂದೆಗೆ ಬೆಂಬಲ', ಇನ್ನೊಂದರಲ್ಲಿ 'ಮಸೂದೆಗೆ ವಿರೋಧ'. ಎರಡರಲ್ಲೂ ಒಂದೇ ಫೋಟೋ. ಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ, ವ್ರತ ಮುರಿದು, ತೃಪ್ತಿಯಿಂದ ಅಂದರು: "ಇಬ್ರೂ ಸರಿಯಾಗೇ ಬರ್ದವ್ರೆ ಕಣ್ಲಾ."

ಗಂಟೆ ಹೊಡೆಯಿತು

ಮಸೂದೆಯ ದಿನ ಬಂದೇ ಬಂತು. ನನ್ನ ಹೆಂಡತಿ ಹಿಂದಿನ ದಿನ ಹೇಳಿದಳು: "ನನಗೂ ನಮ್ಮ ಹೆಡ್‌ಮೇಡಂಗೂ ಗ್ಯಾಲರಿ ಪಾಸು ಬೇಕು." ಅವಳ ಶಾಲೆಯ ಮುಖ್ಯ ಶಿಕ್ಷಕಿಯನ್ನು ಎಲ್ಲರೂ ಹೆಡ್‌ಮೇಡಂ ಅಂತಲೇ ಕರೆಯುತ್ತಿದ್ದರು. ನಿವೃತ್ತಿಗೆ ಹತ್ತಿರವಿದ್ದ, ಮಂಡಿನೋವಿನ, ಸಣ್ಣ ಆಕಾರದ ಹೆಂಗಸು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಮಿಡಿಗೇಶಿ ಅನ್ನುವ ಊರಿನಲ್ಲಿ ಪಾಠ ಮಾಡಿದ್ದರು. ನಮ್ಮ ಸಾಹೇಬರು ಅಲ್ಲಿ ಮೂರನೇ ಕ್ಲಾಸಿನಲ್ಲಿ ಅವರ ಶಿಷ್ಯ. ಇದು ನನಗೆ ತಿಳಿದದ್ದು ಬೆಂಗಳೂರಿನ ಬಸ್ಸಿನಲ್ಲಿ.

"ಹೆಂಗಿದ್ರು ಮೇಡಂ ಆಗ?" ಅಂತ ಕೇಳಿದೆ.

"ಲೆಕ್ಕದಲ್ಲಿ ಸೊನ್ನೆ," ಅಂದರು. "ಮರ್ಯಾದೇಲಿ ಮಾತ್ರ ನೂರಕ್ಕೆ ನೂರು ಕಣಪ್ಪ."

ವಿಧಾನಸೌಧದ ಗ್ಯಾಲರಿಯಲ್ಲಿ ನಮಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಕೆಳಗೆ ಮಾತು, ಕೂಗಾಟ, ಮತ್ತೆ ಮಾತು. ಬಾಯಿ ಓಟಿನಲ್ಲಿ ಯಾರು ಗೆದ್ದರು ಅಂತ ತಿಳಿಯಲಿಲ್ಲ. ಸಾಹೇಬರು ಒಮ್ಮೆ ಕೆಮ್ಮಿ ಒಮ್ಮೆ ಸೀನಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ತಲೆ ಎಣಿಸಲೇಬೇಕು ಅಂತ ವಿರೋಧ ಪಕ್ಷದವರು ಪಟ್ಟು ಹಿಡಿದರು. ಗಂಟೆ ಹೊಡೆಯಿತು. ಗಂಟೆ ನಿಂತ ಮೇಲೆ ಸದನದ ಬಾಗಿಲು ಹಾಕುತ್ತಾರೆ, ಆಮೇಲೆ ಯಾರೂ ಹೊರಗೆ ಹೋಗುವಂತಿಲ್ಲ.

ಸಾಹೇಬರು ಎದ್ದು ಬಾಗಿಲ ಕಡೆ ಬಿರುಸಾಗಿ ಹೊರಟರು. ಆದರೆ ಅವರ ಓಟು ಬೇಕಾಗಿದ್ದ ಸಚಿವರೊಬ್ಬರು ದಾರಿಯಲ್ಲೇ ತಬ್ಬಿಕೊಂಡು ಕ್ಷೇಮಸಮಾಚಾರ ಶುರು ಮಾಡಿದರು. ಬಿಡಿಸಿಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಸಾಹೇಬರು ಸಪ್ಪೆ ಮುಖ ಹಾಕಿಕೊಂಡು ತಮ್ಮ ಜಾಗಕ್ಕೆ ಬಂದು ಕೂತರು.

'ಹೌದು' ಅನ್ನುವವರು ಎದ್ದು ನಿಂತರು. ಎಣಿಸಿದರು. ಸಾಹೇಬರು ಏಳಲಿಲ್ಲ. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಇಲ್ಲ ಎನ್ನುವವರು ಎದ್ದು ನಿಲ್ಲಬೇಕು," ಅಂದರು ಸಭಾಧ್ಯಕ್ಷರು.

ವಿರೋಧ ಪಕ್ಷದವರು ಎದ್ದರು. ಸಾಹೇಬರು ಆಗಲೂ ಏಳಲಿಲ್ಲ, ಸೂರು ನೋಡುತ್ತಾ ಕೂತಿದ್ದರು. ಅಷ್ಟರಲ್ಲಿ ಹೆಡ್‌ಮೇಡಂ ಎದ್ದರು. ಸೆರಗು ಸರಿ ಮಾಡಿಕೊಂಡು, ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಗ್ಯಾಲರಿಯ ಮುಂದಿನ ಸಾಲಿಗೆ ಬಂದರು. ಸೂರು ನೋಡುತ್ತಿದ್ದ ಸಾಹೇಬರ ಕಣ್ಣು ಅವರ ಮೇಲೆ ಬಿತ್ತು.

ಮಿಡಿಗೇಶಿಯ ಮೂರನೇ ಕ್ಲಾಸು ಎದ್ದು ನಿಂತಿತು! ಬೆನ್ನು ನೆಟ್ಟಗೆ, ಕೈ ಎರಡೂ ಪಕ್ಕಕ್ಕೆ, ಬಾಯಲ್ಲಿ 'ನಮಸ್ತೇ ಟೀಚರ್' ಬರುವುದೊಂದೇ ಬಾಕಿ. ಅಕ್ಕಪಕ್ಕದವರು ಅಂಗಿ ಹಿಡಿದು ಜಗ್ಗಿದರು. ತಬ್ಬಿಕೊಂಡಿದ್ದ ಸಚಿವರು ಕೂತಲ್ಲಿಂದಲೇ ಕೈಸನ್ನೆ ಮಾಡಿದರು. ಸಾಹೇಬರು ಅಲುಗಲಿಲ್ಲ. ಟೀಚರ್ 'ಕೂತ್ಕೋ' ಅನ್ನದೆ ಕೂರುವುದು ಹೇಗೆ?

ಟೀಚರ್ ಅನ್ನಲಿಲ್ಲ. ಮುಂದಿನ ಸಾಲಿನಲ್ಲಿ ತಾವು ನಿಧಾನವಾಗಿ ಕೂತರು, ಕನ್ನಡಕ ತೆಗೆದರು, ಸೆರಗಿನ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಕೆಳಗೆ ಸಾಲು ಸಾಲಾಗಿ ಎಣಿಕೆ ನಡೆಯುತ್ತಿತ್ತು. ನಮ್ಮ ಸಾಹೇಬರ ಸಾಲಿಗೂ ಬಂದರು, ಅವರ ತಲೆಯನ್ನೂ ಎಣಿಸಿದರು, ಮುಂದೆ ಹೋದರು. ಆಮೇಲೆಯೇ ಹೆಡ್‌ಮೇಡಂ ಅಂಗೈಯನ್ನು ಒಂದಿಷ್ಟು ಕೆಳಗೆ ಮಾಡಿದರು. ಸಾಹೇಬರು ಕೂತರು.

ಮಸೂದೆ ಬಿದ್ದುಹೋಯಿತು. ಒಂದೇ ಓಟಿನಿಂದ!

ನನ್ನ ಹೆಂಡತಿ ಗ್ಯಾಲರಿ ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿ ಕಾವಲಿನವರಿಂದ ಬೈಸಿಕೊಂಡಳು. ನಾವು ಹೊರಗೆ ಬರುವಷ್ಟರಲ್ಲಿ ಮಧುಗಿರಿಯಿಂದ ಫೋನು. ಪಟಾಕಿ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಶಾಮಿಯಾನದ ಕೆಳಗೆ ಗುಮಾಸ್ತರು, ಟೀಚರುಗಳು, ಅಟೆಂಡರುಗಳು ಎಲ್ಲ ಸೇರಿ ತಮಟೆ ತರಿಸಿ ಕುಣಿಯುತ್ತಿದ್ದರಂತೆ. ಸಂಜೆಯೊಳಗೆ ಸರ್ಕಾರ ಮಾತುಕತೆಗೆ ಕರೆಯಿತು, ಪಿಂಚಣಿಯ ಬೇಡಿಕೆಗೆ ಒಪ್ಪಿತು. ಆ ವಾರವೇ ಕಚೇರಿಗಳ ಬೀಗ ತೆಗೆದರು. ನನ್ನ ಹೆಂಡತಿ ಮತ್ತೆ ಶಾಲೆಗೆ ಹೊರಟ ದಿನ ನಾನು ಕೆಮ್ಮದೆ ಮಾತಾಡಿದೆ.

ಆದರೆ ಆ ಮಧ್ಯಾಹ್ನ ವಿಧಾನಸೌಧದ ಮೆಟ್ಟಿಲ ಮೇಲೆ ನಡೆದದ್ದನ್ನು ಹೇಳಬೇಕು. ಟೀವಿಯವರೆಲ್ಲ ಸಾಹೇಬರನ್ನು ಮುತ್ತಿಕೊಂಡಿದ್ದರು. "ಸಾರ್, ಯಾರು ಎಷ್ಟು ಒತ್ತಡ ಹಾಕಿದರೂ ನೀವು ಕೂರಲಿಲ್ಲ. ಏನು ಕಾರಣ?"

ಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡರು. ದನಿ ಗದ್ಗದವಾಯಿತು. "ನನ್ನನ್ನ ಎಬ್ಬಿಸಿ ನಿಲ್ಲಿಸಿದ್ದು ಬೇರೆ ಯಾರೂ ಅಲ್ಲ. ಆತ್ಮಸಾಕ್ಷಿ!"

ಕ್ಯಾಮೆರಾಗಳ ಹಿಂದೆ ನಿಂತಿದ್ದ ಹೆಡ್‌ಮೇಡಂ ನನ್ನ ಹೆಂಡತಿಯ ಕಡೆ ತಿರುಗಿದರು.

"ಯಾರು ಕಣಮ್ಮ ಅದು ಆತ್ಮಸಾಕ್ಷಿ? ಮಿಡಿಗೇಶಿ ಸ್ಕೂಲಲ್ಲಿ ನಾನಿದ್ದಾಗ ಆ ಹೆಸರಿನ ಟೀಚರು ಯಾರೂ ಇರಲಿಲ್ವಲ್ಲ!"