ಎಲ್ಲಾ ಕಳಕೊಂಡಾವ ಗೆದ್ದ

ನಾ ಚೆಸ್ ಕಲಿಸೋ ಮನಷ್ಯಾ. ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡೋದು ನನ್ನ ಹಣ್ಯಾಗ ಬರದೈತಿ. ಈ ಬ್ಯಾಸಿಗ್ಯಾಗಂತೂ ಅದು ವಾರಾ ತಪ್ಪದಂಗ ಆತು.

ಬಳ್ಳಾರಿ ಸತ್ಯನಾರಾಯಣಪೇಟೆಯ ಒಂದು ಸಮುದಾಯ ಭವನದ ಮ್ಯಾಲಿನ ರೂಮಿನಾಗ ನನ್ನ ಕ್ಲಾಸು. ಭವನದ ಅಧ್ಯಕ್ಷರು ಒಂದಿನ ಕರದು, "ಮಾಸ್ತರ, ನಿಮ್ಮ ಕ್ಲಾಸಿನ್ಯಾಗ ಫ್ಯಾನ್ ಒಂದ ತಿರಗಾಕತ್ತೈತಿ, ಜನಾ ಎಲ್ಲಿ? ಬ್ಯಾಸಿಗಿ ಮುಗಿಯೋದ್ರಾಗ ಜನಾ ಕೂಡಸ್ರಿ, ಇಲ್ಲಂದ್ರ ರೂಮು ಟೇಲರಿಂಗ್ ಕ್ಲಾಸಿಗೆ ಕೊಡ್ತೀವಿ," ಅಂದ್ರು. ಆ ರೂಮು ಹೋದ್ರ ನಾ ಹೋದಂಗ. ಮನ್ಯಾಗ ಬೋರ್ಡ್ ಹಾಸಿದ್ರ ನಮ್ಮಾಕಿ ಅದರ ಮ್ಯಾಲೆ ಸಂಡಿಗಿ ಹಾಕ್ತಾಳ.

ಜನಾ ಬರ್ಲಿ ಅಂತ ಒಂದು ಉಲ್ಟಾ ಚೆಸ್ ಶುರು ಮಾಡ್ದೆ. ತಿನ್ನಾಕ ಕಾಯಿ ಸಿಕ್ಕರ ತಿನ್ನಲೇಬೇಕು. ರಾಜಗೂ ಮರ್ಯಾದಿ ಇಲ್ಲ, ಅವನೂ ಒಂದು ಕಾಯಿ, ಅಷ್ಟ. ತನ್ನ ಕಾಯಿ ಎಲ್ಲಾ ಮೊದಲು ಕಳಕೊಂಡಾವ ಗೆದ್ದ. ನಮ್ಮಾಕಿ ಕೇಳಿ, "ಹಂಗಾದ್ರ ನೀವು ಮದುವಿ ಆದಾಗಿಂದ ಗೆಲ್ಲಾಕತ್ತೀರಿ ಬಿಡ್ರಿ," ಅಂದ್ಳು.

ಪಾತ್ರಿ ಅಂಗಡಿ ಸಾವ್ಕಾರ್ರು

ಮೊದಲು ಬಂದವರು ನಮ್ಮ ಓಣಿ ಪಾತ್ರಿ ಅಂಗಡಿ ಸಾವ್ಕಾರ್ರು. ಸಿಪಾಯಿ ಹೆಂಗೋ ಕೊಟ್ರು. ಮಂತ್ರಿ ಕೊಡೋ ಹೊತ್ತಿಗೆ ಅವರ ಕೈ ಮುಂದ ಬರಲಿಲ್ಲ.

"ಕೊಡ್ರಿ, ಕೊಟ್ರ ನಿಮಗ ಲಾಭ," ಅಂದೆ.

"ಪುಕ್ಕಟ ಕೊಟ್ಟು ಲಾಭ ಆದದ್ದು ನಮ್ಮ ವಂಶದಾಗ ಇಲ್ರಿ. ಇನ್ನೆರಡು ಸಿಪಾಯಿ ಒಯ್ಯಿರಿ ಬೇಕಂದ್ರ."

ನಿಯಮ ಹೇಳಿದಷ್ಟೂ ಅವರ ಮುಷ್ಟಿ ಬಿಗಿ ಆತು. ಅಷ್ಟರಾಗ ಗಿರಾಕಿ ಬಂದಾರಂತ ಅಂಗಡಿಯಿಂದ ಫೋನ್ ಬಂತು, ಎದ್ದು ಹೋದ್ರು. ಮಂತ್ರಿನೂ ಅವರ ಅಂಗಿ ಕಿಸೇದಾಗ ಹೋತು. ಕೇಳಾಕ ನನಗ ಸಂಕೋಚ. ಅವತ್ತಿನಿಂದ ನಮ್ಮ ಕ್ಲಾಸಿನ್ಯಾಗ ಕರಿ ಮಂತ್ರಿ ಅಂದ್ರ ಸೋಡಾ ಬಾಟ್ಲಿ ಮುಚ್ಚಳ.

ಕುರುಗೋಡಿನ ಸಣ್ಣವ್ವ

ಊರಾಗ ಜನಾ ಸಿಗವಲ್ರು ಅಂತ ಕುರುಗೋಡಿಗೆ ಹೋಗಿ ನಮ್ಮ ಸಣ್ಣವ್ವನ ಮನಿ ಕಟ್ಟಿ ಮ್ಯಾಲೆ ಬೋರ್ಡ್ ಹಾಸಿದೆ. ಸಣ್ಣವ್ವ ಹುಟ್ಟಿದಾಗಿಂದ ಚೆಸ್ ಮುಟ್ಟಿದಾಕಿ ಅಲ್ಲ. ಕಾಯಿ ಹೆಂಗ ನಡೀತಾವ ಅಂತ ಒಂದು ಸಲ ಕೇಳಿ, ನಿಯಮ ಕೇಳಿ, "ಇಷ್ಟನಾ? ಬೀಗರಿಗೆ ಬಡಿಸಿದಂಗ ಐತಿ. ಒಲ್ಲೆ ಅಂದ್ರ ಬಿಡಂಗಿಲ್ಲ," ಅಂದು ಸೆರಗು ಸಿಗಿಸಿ ಕುಂತ್ಳು.

"ತಗೋ, ಇದೊಂದು ಕುದುರಿ. ಆನಿ ಹಾಕ್ಲಿ? ಭಾಳ ಸೊರಗೀಯಲೋ, ತಿನ್ನು."

ನಾ ಬ್ಯಾಡ ಅನ್ನಂಗಿಲ್ಲ, ನಿಯಮ ತಂದಾವ ನಾನ. ತಿಂದೆ, ತಿಂದೆ, ಅಕೀ ಕಡೆ ಬೋರ್ಡ್ ತೊಳದಿಟ್ಟಂಗಾತು. "ಹೊಟ್ಟಿ ತುಂಬಿತಿಲ್ಲೋ?" ಅಂತ ಕೇಳಿದ್ಳು. ಕಟ್ಟಿ ಮುಂದಿನ ಮಂದಿ ನಕ್ಕಿದ್ದು ಸುಡ್ಲಿ, ಅವರೆಲ್ಲಾ ಇನ್ನ ಸಣ್ಣವ್ವನ ಹತ್ರನ ಕಲೀತೀವಿ ಅಂದ್ರು.

ಸಿರುಗುಪ್ಪದ ಬೀಗರು

ಸಿರುಗುಪ್ಪದ ನನ್ನ ಗೆಳೆಯಾನ ಮಗನಿಗೆ ಕರೂರಿನ ಹುಡುಗಿ ನಿಶ್ಚಯ ಆಗಿತ್ತು. ಗೆಳೆಯಾನ ಮನಿಗೆ ಹೆಣ್ಣಿನ ಕಡೆಯವರು ಬಂದಿದ್ರು. ಊಟ ಇನ್ನೂ ತಡ ಇತ್ತು. ಸುಮ್ನ ಕುಂದ್ರೋ ಚಟ ನನಗಿಲ್ಲ, ಬೀಗರಿಬ್ಬರನ್ನೂ ಆಟಕ್ಕ ಕೂಡಿಸಿದೆ.

ಹೆಣ್ಣಿನ ಅಪ್ಪ ನನ್ನ ಕಿವಿಯಾಗ, "ಸರ, ಗಂಡಿನ ಕಡೆಯವರನ್ನ ನಾವು ಸೋಲಸಬಾರದು. ಹೆಂಗ ಮಾಡ್ಲಿ?" ಅಂದ.

"ಅವರದು ಒಂದೂ ಬಿಡಬ್ಯಾಡ್ರಿ, ಎಲ್ಲಾ ತಿಂದುಬಿಡ್ರಿ," ಅಂದೆ.

ಪಾಪ, ಭಯಾ ಭಕ್ತಿಲೆ ತಿಂದ. ಕಡೀ ಕಾಯಿ ತಿನ್ನೋ ಹೊತ್ತಿಗೆ ಗೆಳೆಯಾನ ತಮ್ಮ ಒಳಗ ಬಂದ. ಅಣ್ಣನ ಮುಂದ ಒಂದು ಸಿಪಾಯಿನೂ ಇಲ್ಲ. "ಮದುವಿಗಿಂತ ಮೊದಲ ನಮ್ಮಣ್ಣನ್ನ ಬರಿಗೈ ಮಾಡೀರಲ್ರಿ," ಅಂತ ಬೀಗರ ಮ್ಯಾಲೆ ಏರಿ ಬಂದ.

ನಾ ನಡುವ ಹೋಗಿ, "ತಡೀಪಾ, ಗೆದ್ದಾವ ನಿಮ್ಮಣ್ಣನ," ಅಂದೆ.

ಅಂವ ಅಣ್ಣನ ಮಾರಿ ನೋಡಿ, "ಗೆದ್ದಾವನ ಮಾರಿ ಹಿಂಗಿರ್ತೈತೇನ್ರಿ?" ಅಂದ.

ಮದುವಿ ಉಳೀತು. ನನ್ನ ಊಟ ಉಳೀಲಿಲ್ಲ.

ಕಡೀ ಆಟ

ಬ್ಯಾಸಿಗಿ ಕಡೀ ಭಾನುವಾರ ರೂಮು ತುಂಬಿತು. ಸಣ್ಣವ್ವ ಕುರುಗೋಡಿನ ಮಂದಿನ್ನ ಕಟ್ಟಿಗೊಂಡು ಬಂದಿದ್ಳು, ಸಾವ್ಕಾರ್ರೂ ಬಂದಿದ್ರು. ನಮ್ಮಾಕಿ ಬಾಗಲದಾಗ ನಿಂತಿದ್ಳು. ರೂಮು ಉಳೀತು ಅಂತ ನನಗ ಅಳು ಬರೋದೊಂದ ಬಾಕಿ. ಅಧ್ಯಕ್ಷರು ಗೆದ್ದಾವ್ರಿಗೆ ಹೊದಿಸಾಕ ಶಾಲು ಹಿಡಕೊಂಡು ಬಂದು, "ನಾನೂ ಒಂದು ಕೈ ಆಡ್ತೀನಿ," ಅಂದ್ರು.

ಇವರನ್ನ ಗೆಲ್ಲಿಸಿದ್ರ ರೂಮು ಗಟ್ಟಿ ಅಂತ ಲೆಕ್ಕಾ ಹಾಕಿ, ಅವರು ಇಟ್ಟಿದ್ದೆಲ್ಲಾ ತಿಂದೆ. ಸೋಡಾ ಮುಚ್ಚಳಾನೂ ಬಿಡಲಿಲ್ಲ. "ಅಧ್ಯಕ್ಷರು ಗೆದ್ರು," ಅಂತ ನಾನ ಮೊದಲು ಚಪ್ಪಾಳಿ ಹೊಡದೆ.

"ಖರೇನ? ಎಲ್ಲಾ ಹೋದ್ರೂ ಗೆದ್ದಂಗ?" ಅಂತ ಕೇಳಿದ್ರು.

"ಖರೇರಿ. ಅದ ನಿಯಮ."

ಅವರು ಎದ್ದು ಶಾಲು ಬಿಚ್ಚಿ ನನ್ನ ಹೆಗಲಿಗೆ ಹಾಕಿದ್ರು. "ಸರ, ಗೆದ್ದಾವ್ರು ನೀವು," ಅಂದೆ.

"ಇಲ್ಲ ಮಾಸ್ತರ. ರೂಮು ನಿನ್ನೇನ ಟೇಲರಿಂಗಿನವರಿಗೆ ಕೊಟ್ಟುಬಿಟ್ಟೀವಿ. ನಿಮಗ ಹೆಂಗ ಹೇಳೋದಂತ ಸಂಕಟ ಆಗಿತ್ತು. ನಿಮ್ಮ ನಿಯಮ ಕೇಳಿ ಹಗುರಾತು. ಎಲ್ಲಾ ಕಳಕೊಂಡಾವ ಗೆದ್ದಂಗಲ್ರಿ?"

ಮಂದಿ ಚಪ್ಪಾಳಿ ಹೊಡದ್ರು, ಸಣ್ಣವ್ವ ಎಲ್ಲಾರಿಗಿಂತ ಜೋರು. ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಹೋಗ್ಲಿ, ಜನ್ಮದಾಗ ಒಂದು ಸಲ ಗೆದ್ದೆ ಅಂತ ಸಮಾಧಾನ ಮಾಡಿಕೊಳ್ಳಾಕ ಹತ್ತಿದ್ದೆ. ಅಷ್ಟರಾಗ ಸಾವ್ಕಾರ್ರು ಎದ್ದು ಬಂದು, ಅಂಗಿ ಕಿಸೇದಿಂದ ಕರಿ ಮಂತ್ರಿ ತಗದು ನನ್ನ ಕೈಯಾಗ ಇಟ್ರು.

"ಮಂದಿ ವಸ್ತು ನಮಗ ಬ್ಯಾಡ್ರಿ. ಇದೊಂದು ನಿಮ್ಮದು ಉಳದೈತಿ."

ನಮ್ಮಾಕಿ ಬಾಗಲದಿಂದ ಅಂದ್ಳು, "ಒಂದು ಕಾಯಿ ಉಳೀತಲ್ರಿ. ಇದನ್ನೂ ಸೋತ್ರಿ."